ಪಾಠವೂ ಎಚ್‌ಎಂ ಲೆಕ್ಕಕ್ಕೆ, ಪಾತ್ರೆಯೂ ಎಚ್‌ಎಂ ಲೆಕ್ಕಕ್ಕೆ

ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳ ಮುಖ್ಯ ಶಿಕ್ಷಕರಿಗೆ ಸಾಮಾನ್ಯವಾಗಿ ಕಚೇರಿ ಸಿಬ್ಬಂದಿ ಇರುವುದಿಲ್ಲ. ಗುಮಾಸ್ತರಿಲ್ಲ, ಜವಾನರಿಲ್ಲ, ಲೆಕ್ಕ ಬರೆಯುವವರಿಲ್ಲ. ಪ್ರೌಢಶಾಲೆಗಳಲ್ಲಿ ಇಂಥ ಹುದ್ದೆಗಳು ಕಾಗದದ ಮೇಲಾದರೂ ಇವೆ, ಭರ್ತಿಯಾಗಿವೆಯೇ ಎಂಬುದು ಬೇರೆ ಮಾತು. ಒಂದರಿಂದ ಏಳು ಅಥವಾ ಎಂಟನೆಯ ತರಗತಿವರೆಗಿನ ಶಾಲೆಯಲ್ಲಿ ಬೆಳಿಗ್ಗೆ ಬೀಗ ತೆಗೆಸುವುದರಿಂದ ಹಿಡಿದು ಲೆಕ್ಕ ತಪಾಸಣೆಯವರ ಆಕ್ಷೇಪಣೆಗೆ ಉತ್ತರ ಬರೆಯುವವರೆಗೆ ಎಲ್ಲವೂ ‘ಎಚ್‌ಎಂ’ ಎನಿಸಿಕೊಂಡ ಒಬ್ಬರ ಕೈಗೇ ಬರುತ್ತದೆ. ಜೊತೆಗೆ ಅವರ ಹೆಸರಿನಲ್ಲಿ ವೇಳಾಪಟ್ಟಿಯಲ್ಲಿ ಪಾಠದ ಅವಧಿಗಳೂ ಇರುತ್ತವೆ. ಶಾಲೆಯ ದೈನಂದಿನ ತೊಡಕುಗಳಲ್ಲಿ ಬಹುಪಾಲು ಹುಟ್ಟುವುದು ಈ ಏರ್ಪಾಟಿನಿಂದಲೇ.

ಈ ಹುದ್ದೆಯನ್ನು ನಿಗದಿ ಮಾಡುವುದು ಮಕ್ಕಳ ಸಂಖ್ಯೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೆಯ ತರಗತಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಪ್ರತ್ಯೇಕ ಮುಖ್ಯ ಶಿಕ್ಷಕರು ಬೇಕೆಂದರೆ ಮಕ್ಕಳು 150 ದಾಟಬೇಕು. ಆರರಿಂದ ಎಂಟನೆಯ ತರಗತಿಯಲ್ಲಿ ಪೂರ್ಣಾವಧಿ ಮುಖ್ಯ ಶಿಕ್ಷಕರು ಸಿಗುವುದು 100 ಮಕ್ಕಳು ಮೀರಿದ ಮೇಲೆ. ನಮ್ಮ ಹಳ್ಳಿಗಳ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಬಹಳಷ್ಟು ಈ ಗೆರೆಯ ಕೆಳಗೇ ಇವೆ. ಅಲ್ಲಿ ಸೇವೆಯಲ್ಲಿ ಹಿರಿಯರಾದವರು ‘ಪ್ರಭಾರ’ ವಹಿಸಿಕೊಳ್ಳುತ್ತಾರೆ. ಪಾಠ ಮೊದಲಿನಷ್ಟೇ ಇರುತ್ತದೆ, ಸಹಿಯ ಹೊಣೆ ಮಾತ್ರ ಹೊಸದಾಗಿ ಸೇರುತ್ತದೆ. ಪ್ರಭಾರ ಬೇಡವೆಂದು ಸಹೋದ್ಯೋಗಿಗಳು ಒಬ್ಬರ ಮೇಲೊಬ್ಬರು ಹಾಕಿಕೊಳ್ಳುವುದು ಶಿಕ್ಷಕರ ವಲಯದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ.

ಇನ್ನೂ ಕೆಳಗಿಳಿದರೆ ಏಕೋಪಾಧ್ಯಾಯ ಶಾಲೆಗಳು. ಕೇಂದ್ರ ಶಿಕ್ಷಣ ಸಚಿವಾಲಯದ 2024–25ರ ಯುಡೈಸ್ ಅಂಕಿಅಂಶದಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳು ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚಿವೆ. ಕರ್ನಾಟಕದ ಪಾಲು 7,349. ಇಂಥ ಶಾಲೆಯ ಶಿಕ್ಷಕರು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಸಭೆಗೆ ಹೊರಟರೆ ಅಂದು ಪಕ್ಕದ ಶಾಲೆಯಿಂದ ಯಾರನ್ನಾದರೂ ಕಳಿಸುವಂತೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯನ್ನು (ಸಿಆರ್‌ಪಿ) ಕೇಳಬೇಕು. ಅದೂ ಆಗದಿದ್ದರೆ ಅಡುಗೆಯವರೇ ಮಕ್ಕಳನ್ನು ಕೂರಿಸಿಕೊಂಡಿರಬೇಕು. ಒಂದರಿಂದ ಮೂರನೆಯ ತರಗತಿಯವರನ್ನು ಒಟ್ಟಿಗೆ ಕೂರಿಸಿ ಕಲಿಸುವ ‘ನಲಿ–ಕಲಿ’ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ 2009–10ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿತು. ಶಿಕ್ಷಕರು ಕಡಿಮೆ ಇರುವ ಕಡೆ ಅದು ಆಸರೆಯಾಗಿದೆ. ಆದರೆ ಅದರ ಕಾರ್ಡು, ತಟ್ಟೆ, ಗುಂಪುಗಳನ್ನು ಸಂಭಾಳಿಸುವುದಕ್ಕೆ ಇಡೀ ದಿನ ತರಗತಿಯಲ್ಲೇ ಇರುವ ಒಬ್ಬರು ಬೇಕು. ನಡುವೆ ಹತ್ತು ಸಲ ಎದ್ದು ಹೋಗಬೇಕಾದವರಿಂದ ಅದು ಸಾಗುವುದಿಲ್ಲ.

ಹಾಲಿನಿಂದ ಮೊಟ್ಟೆಯವರೆಗೆ

ಶಾಲೆಯ ದಿನ ಗಂಟೆಗಿಂತ ಮೊದಲೇ, ನೀರಿನ ವಿಚಾರಣೆಯೊಂದಿಗೆ ಆರಂಭವಾಗುತ್ತದೆ. ಸಿಂಟೆಕ್ಸ್ ತುಂಬಿದೆಯೇ, ಪಂಚಾಯಿತಿಯ ನೀರು ಬಿಟ್ಟಿದ್ದಾರೆಯೇ, ರಾತ್ರಿ ಯಾರಾದರೂ ನಲ್ಲಿ ಮುರಿದಿದ್ದಾರೆಯೇ ಎಂದು ನೋಡಿದ ಮೇಲೆ ಉಳಿದದ್ದು. ನೀರಿಲ್ಲದಿದ್ದರೆ ಹಾಲು ಇಲ್ಲ, ಊಟ ಇಲ್ಲ, ಶೌಚಾಲಯವೂ ಇಲ್ಲ.

2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಪ್ರತಿ ಮಗುವಿಗೆ 18 ಗ್ರಾಂ ಹಾಲಿನ ಪುಡಿಯಿಂದ ತಯಾರಿಸಿದ 150 ಮಿಲಿಲೀಟರ್ ಹಾಲು. ಲೆಕ್ಕ ಸರಳವಾಗಿ ಕಾಣುತ್ತದೆ. ಹಾಜರಿ ಕರೆದು, ಅಂದಿನ ಸಂಖ್ಯೆಯನ್ನು ಅಡುಗೆಮನೆಗೆ ತಿಳಿಸಿ, ಪುಡಿ ತೂಗಿಸಿ, ಗಂಟು ಕಟ್ಟದಂತೆ ಕಲಸಿ, ಕುದಿಸಿ, ಪ್ರಾರ್ಥನೆ ಮುಗಿಯುವ ಹೊತ್ತಿಗೆ ಲೋಟಕ್ಕೆ ಬಗ್ಗಿಸಬೇಕು. ತಡವಾಗಿ ಬಂದ ಐದು ಮಕ್ಕಳಿಗೂ ಅದರಲ್ಲೇ ಹೊಂದಿಸಬೇಕು. ಸಂಜೆಗೆ ಪುಡಿಯ ದಾಸ್ತಾನು ವಹಿ, ಮಕ್ಕಳ ಹಾಜರಿ ಮತ್ತು ಆನ್‌ಲೈನ್‌ನಲ್ಲಿ ತುಂಬಿದ ಸಂಖ್ಯೆ ಮೂರೂ ಒಂದಕ್ಕೊಂದು ತಾಳೆಯಾಗಬೇಕು. 2024ರ ಫೆಬ್ರುವರಿಯಿಂದ ವಾರದಲ್ಲಿ ಕೆಲವು ದಿನ ರಾಗಿ ಮಾಲ್ಟ್ ಕೂಡ ಸೇರಿದೆ. ಅದಕ್ಕೂ ಒಂದು ವಹಿ.

ಮಧ್ಯಾಹ್ನದ ಬಿಸಿಯೂಟ ಇದಕ್ಕಿಂತ ದೊಡ್ಡ ಸಂಸಾರ. ಬೇಯಿಸಿದ ಊಟ ಕೊಡಬೇಕೆಂದು 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಕರ್ನಾಟಕದಲ್ಲಿ ‘ಅಕ್ಷರ ದಾಸೋಹ’ 2002–03ರಲ್ಲಿ ಉತ್ತರದ ಜಿಲ್ಲೆಗಳಿಂದ ಮೊದಲಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೆ ಬಂತು. ಕಿರಿಯ ಮಕ್ಕಳಿಗೆ ದಿನಕ್ಕೆ 100 ಗ್ರಾಂ ಧಾನ್ಯ, 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ಆರರಿಂದ ಮೇಲಿನವರಿಗೆ 150 ಗ್ರಾಂ ಧಾನ್ಯ, 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್ ಎಂಬುದು ರಾಷ್ಟ್ರೀಯ ಮಾನದಂಡ. ಅಕ್ಕಿ, ಬೇಳೆ, ಎಣ್ಣೆ ಸರ್ಕಾರದ ಗೋದಾಮಿನಿಂದ ಬರುತ್ತವೆ. ತರಕಾರಿ, ಸಾಂಬಾರ್ ಪುಡಿ, ಗ್ಯಾಸ್ ಸಿಲಿಂಡರ್ ಶಾಲೆಯ ಪಾಲಿನವು. ಲಾರಿ ಬಂದ ದಿನ ಮೂಟೆಗಳನ್ನು ಎಣಿಸಿ, ತೂಕ ನೋಡಿ ಇಳಿಸಿಕೊಳ್ಳಬೇಕು. ಅದು ಪರೀಕ್ಷೆಯ ದಿನವಾದರೂ ಸರಿ, ಲಾರಿ ಕಾಯುವುದಿಲ್ಲ. ಬಹಳಷ್ಟು ಶಾಲೆಗಳಲ್ಲಿ ಅಕ್ಕಿ ಮೂಟೆಗಳಿರುವುದು ಎಚ್‌ಎಂ ಕೊಠಡಿಯ ಮೂಲೆಯಲ್ಲಿ. ಮಳೆಗಾಲದಲ್ಲಿ ಅದಕ್ಕೆ ಹುಳ ಹಿಡಿಯುತ್ತದೆ, ಬೇಸಿಗೆ ರಜೆಯಲ್ಲಿ ಇಲಿ.

ಅಡುಗೆಯ ರುಚಿ ನೋಡುವುದೂ ನಿಯಮವೇ. ಮಕ್ಕಳಿಗೆ ಬಡಿಸುವ ಮೊದಲು ಒಬ್ಬ ಶಿಕ್ಷಕರಾದರೂ ಸೇರಿದಂತೆ ಇಬ್ಬರು ಮೂವರು ದೊಡ್ಡವರು ಉಂಡು ನೋಡಬೇಕು. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಊಟದಿಂದ 23 ಮಕ್ಕಳು ಸತ್ತ ಮೇಲೆ ಈ ನಿಯಮವನ್ನು ಯಾರೂ ಲಘುವಾಗಿ ಕಾಣುವುದಿಲ್ಲ. ರುಚಿ ವಹಿಯಲ್ಲಿ ದಿನದಿನವೂ ಸಹಿ ಬೀಳುತ್ತದೆ. ಸಾಂಬಾರಿನಲ್ಲಿ ಹಲ್ಲಿ ಬಿದ್ದ ಸುದ್ದಿ ಎಲ್ಲಿಂದಲೋ ಪತ್ರಿಕೆಯಲ್ಲಿ ಬಂದ ದಿನ ರಾಜ್ಯದ ಎಲ್ಲ ಎಚ್‌ಎಂಗಳೂ ತಮ್ಮ ಅಡುಗೆಮನೆಯ ಸೂರನ್ನು ಇನ್ನೊಮ್ಮೆ ನೋಡಿ ಬರುತ್ತಾರೆ.

ಮೊಟ್ಟೆಯ ಕಥೆ ಹೇಳಿದರೆ ಶಾಲಾಡಳಿತದ ಕಷ್ಟ ಇಡಿಯಾಗಿ ತಿಳಿಯುತ್ತದೆ. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಭಾಗದಲ್ಲಿ ಮೊದಲಾದ ಮೊಟ್ಟೆ ವಿತರಣೆ ಆಮೇಲೆ ರಾಜ್ಯಕ್ಕೆಲ್ಲ ಬಂತು. ಅಜೀಂ ಪ್ರೇಮ್‌ಜಿ ಫೌಂಡೇಷನ್‌ನ ನೆರವಿನಿಂದ 2024ರ ಸೆಪ್ಟೆಂಬರ್‌ನಲ್ಲಿ ವಾರಕ್ಕೆ ಆರು ದಿನಕ್ಕೆ ಏರಿತು. ಮಕ್ಕಳ ಮೈಗೆ ಇದರಿಂದ ಒಳ್ಳೆಯದೇ ಆಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಮೊಟ್ಟೆಯನ್ನು ಗೋದಾಮಿನಿಂದ ಕಳಿಸುವುದಿಲ್ಲ. ಶಾಲೆಯ ಖಾತೆಗೆ ಹಣ ಬರುತ್ತದೆ, ಕೊಳ್ಳುವವರು ಎಚ್‌ಎಂ. ಕೊಳ್ಳುವುದು, ಬೇಯಿಸುವುದು, ಸುಲಿಯುವುದು ಎಲ್ಲ ಸೇರಿ ಒಂದು ಮೊಟ್ಟೆಗೆ 6 ರೂಪಾಯಿ ಎಂದು ನಿಗದಿಯಾಯಿತು. ಪೇಟೆಯಲ್ಲಿ ಮೊಟ್ಟೆಯ ದರ ಆರು ದಾಟುವ ತಿಂಗಳುಗಳೂ ಉಂಟು. ಆಗ ಉಳಿದ ದುಡ್ಡು ಹೊರಡುವುದು ಎಚ್‌ಎಂ ಜೇಬಿನಿಂದ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಯಾರಿಗೆ ಯಾವುದು ಎಂಬ ಪಟ್ಟಿಗೆ ಪೋಷಕರ ಒಪ್ಪಿಗೆ ಬೇಕು. ಮನೆಯಲ್ಲಿ ಬಾಳೆಹಣ್ಣು ಎಂದು ಬರೆಸಿ, ಶಾಲೆಯಲ್ಲಿ ಗೆಳೆಯನ ತಟ್ಟೆಯ ಮೊಟ್ಟೆಯನ್ನೇ ನೋಡುವ ಮಗುವನ್ನು ಏನು ಮಾಡಬೇಕೆಂದು ಯಾವ ಸುತ್ತೋಲೆಯೂ ಹೇಳಿಲ್ಲ.

ಅಡುಗೆಯವರ ವಿಷಯದಲ್ಲಿ ನಿಯಮ ಹೀಗಿದೆ: 25 ಮಕ್ಕಳವರೆಗೆ ಒಬ್ಬರು, 26ರಿಂದ 100ಕ್ಕೆ ಇಬ್ಬರು, ಆಮೇಲೆ ಪ್ರತಿ ನೂರಕ್ಕೆ ಇನ್ನೊಬ್ಬರು. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. 2025–26ರ ರಾಜ್ಯ ಬಜೆಟ್‌ನಲ್ಲಿ ಅದು 1,000 ರೂಪಾಯಿ ಏರಿತು. ಅಷ್ಟಕ್ಕೆ ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಒಲೆಯ ಮುಂದೆ ನಿಲ್ಲುವ ಈ ಹೆಂಗಸರು ಒಂದು ದಿನ ಬಾರದಿದ್ದರೆ ಶಾಲೆಯ ಅಡುಗೆ ನಿಲ್ಲುವಂತಿಲ್ಲ. ಸೌಟು ಹಿಡಿದ ಹೆಡ್ ಮೇಡಂ, ಈರುಳ್ಳಿ ಹೆಚ್ಚುವ ಹೆಡ್ ಮೇಷ್ಟ್ರು ಹಳ್ಳಿಯವರಿಗೆ ಹೊಸಬರಲ್ಲ.

ಕಸಬರಿಗೆಗೆ ಹುದ್ದೆಯಿಲ್ಲ

ಶೌಚಾಲಯ ಕಟ್ಟಿಸುವುದಕ್ಕೆ ಅನುದಾನ ಸಿಗುತ್ತದೆ. ತೊಳೆಯುವುದಕ್ಕೆ ಮನುಷ್ಯರು ಸಿಗುವುದಿಲ್ಲ, ಏಕೆಂದರೆ ಆ ಹುದ್ದೆಯೇ ಇಲ್ಲ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಪ್ರಕರಣ ರಾಜ್ಯವನ್ನೇ ಬೆಚ್ಚಿಬೀಳಿಸಿತು. ಮಕ್ಕಳಿಂದ ಆ ಕೆಲಸ ಮಾಡಿಸಿದವರಿಗೆ ಶಿಕ್ಷೆಯಾಗಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಮೇಲೆ ಬಂದ ಎಚ್ಚರಿಕೆಯ ಆದೇಶಗಳು ‘ಮಕ್ಕಳು ಮಾಡಬಾರದು’ ಎಂದು ಹೇಳಿದಷ್ಟು ಸ್ಪಷ್ಟವಾಗಿ ‘ಇವರು ಮಾಡಬೇಕು’ ಎಂದು ಹೇಳಲಿಲ್ಲ. ಹೀಗಾಗಿ ಊರಿನಲ್ಲಿ ಯಾರನ್ನಾದರೂ ಗೊತ್ತು ಮಾಡಿಕೊಂಡು, ತಿಂಗಳಿಗಿಷ್ಟು ಎಂದು ಕೊಟ್ಟು ನಡೆಸುವುದು ರೂಢಿಯಾಗಿದೆ.

ಆ ದುಡ್ಡು ಬರುವುದು ‘ಸಮಗ್ರ ಶಿಕ್ಷಣ’ ಯೋಜನೆಯ ಶಾಲಾ ಅನುದಾನದಿಂದ. 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100ಕ್ಕೆ 25,000, 101ರಿಂದ 250ಕ್ಕೆ 50,000, ಅದರ ಮೇಲೆ 75,000, ಸಾವಿರ ದಾಟಿದರೆ ಒಂದು ಲಕ್ಷ. ಇದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೆ ಮೀಸಲು. ಸೀಮೆಸುಣ್ಣ, ಕಾಗದ, ಪ್ರಿಂಟರಿನ ಶಾಯಿ, ಇಂಟರ್‌ನೆಟ್, ಮುರಿದ ಬೆಂಚಿನ ರಿಪೇರಿ, ಆಗಸ್ಟ್ 15ರ ಸಿಹಿ, ಎಲ್ಲವೂ ಇದರಲ್ಲೇ. 25 ಮಕ್ಕಳ ಶಾಲೆಗೆ ಬರುವ ಹತ್ತು ಸಾವಿರವನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 833 ರೂಪಾಯಿ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಮತ್ತು ನೀರು ಕೊಡುವುದಾಗಿ 2023ರ ರಾಜ್ಯೋತ್ಸವದಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದ್ದು ಈ ಲೆಕ್ಕದಲ್ಲಿ ನಿಜವಾದ ಉಪಕಾರ. ಕರೆಂಟ್ ಬಿಲ್ ಎನ್ನುವುದು ಬಹುಕಾಲ ಎಚ್‌ಎಂ ನಿದ್ದೆಗೆಡಿಸಿದ ಕಾಗದವಾಗಿತ್ತು. ಅನುದಾನ ವರ್ಷದ ಆರಂಭದಲ್ಲಿ ಬರುವುದು ಅಪರೂಪ. ಬಂದ ಮೇಲೆ ಮಾರ್ಚ್ 31ರೊಳಗೆ ಖರ್ಚು ಮಾಡಿ ಬಳಕೆ ಪ್ರಮಾಣ ಪತ್ರ ಕೊಡಬೇಕು. ಜೂನ್‌ನಲ್ಲಿ ಸೋರುವ ಸೂರಿಗೆ ಫೆಬ್ರುವರಿಯಲ್ಲಿ ಹೆಂಚು ಕೊಳ್ಳುವ ವಿಚಿತ್ರ ಹೀಗೆ ಹುಟ್ಟುತ್ತದೆ.

ವಹಿ, ಆ್ಯಪ್, ವಾಟ್ಸ್‌ಆ್ಯಪ್

ಹಾಜರಿ ಪುಸ್ತಕ, ದಾಖಲಾತಿ ವಹಿ, ನಗದು ಪುಸ್ತಕ, ದಾಸ್ತಾನು ವಹಿ, ಚಲನವಲನ ವಹಿ, ಸಂದರ್ಶಕರ ವಹಿ, ಸಭೆಯ ನಡವಳಿ ಪುಸ್ತಕ: ಹಳೆಯ ಕಾಲದ ಈ ವಹಿಗಳಲ್ಲಿ ಒಂದೂ ಹೋಗಿಲ್ಲ. ಅವುಗಳ ಮೇಲೆ ಆನ್‌ಲೈನ್ ಕೆಲಸ ಬಂದು ಕೂತಿದೆ. ಮಕ್ಕಳ ವಿವರ, ಅಂಕ, ವರ್ಗಾವಣೆ ರಾಜ್ಯದ ‘ಎಸ್‌ಎಟಿಎಸ್’ನಲ್ಲಿ. ಶಾಲೆಯ ಕೊಠಡಿ, ಶೌಚಾಲಯ, ಶಿಕ್ಷಕರ ವಿವರ ಕೇಂದ್ರದ ‘ಯುಡೈಸ್ ಪ್ಲಸ್’ನಲ್ಲಿ. 2022–23ರಿಂದ ಅಲ್ಲಿಯೂ ಪ್ರತಿ ಮಗುವಿನ ವಿವರ ಬೇರೆ ಬೇರೆಯಾಗಿ ತುಂಬಬೇಕಾಗಿದೆ. ಆಮೇಲೆ ‘ಅಪಾರ್’ ಗುರುತಿನ ಸಂಖ್ಯೆ ಬಂತು. ಆಧಾರ್‌ನಲ್ಲಿ ‘ಮಂಜುನಾಥ’, ದಾಖಲಾತಿಯಲ್ಲಿ ‘ಮಂಜುನಾಥ್’, ಜನನ ಪ್ರಮಾಣ ಪತ್ರದಲ್ಲಿ ‘ಮಂಜಪ್ಪ’ ಇದ್ದರೆ ಕಂಪ್ಯೂಟರು ಒಪ್ಪುವುದಿಲ್ಲ. ತಿದ್ದುಪಡಿಗೆಂದು ತಾಯಿ ಒಂದು ದಿನದ ಕೂಲಿ ಬಿಟ್ಟು ನಾಡಕಚೇರಿಗೋ ಆಧಾರ್ ಕೇಂದ್ರಕ್ಕೋ ಅಲೆಯಬೇಕು. ಅವಳನ್ನು ಒಪ್ಪಿಸುವ ಕೆಲಸವೂ ಎಚ್‌ಎಂದೇ.

ಇವಕ್ಕೆಲ್ಲ ಒಂದು ಕ್ರಮವಿದೆ, ಕೊನೆಯ ದಿನಾಂಕವಿದೆ. ಕ್ರಮವಿಲ್ಲದ್ದು ವಾಟ್ಸ್‌ಆ್ಯಪ್. ಕ್ಲಸ್ಟರ್ ಗುಂಪಿನಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ‘ಅತಿ ತುರ್ತು’ ಎಂದು ಒಂದು ನಮೂನೆ ಬೀಳುತ್ತದೆ. ಮಧ್ಯಾಹ್ನ ಎರಡರೊಳಗೆ ತುಂಬಿ ಕಳಿಸಬೇಕು. ಕೇಳಿದ ಮಾಹಿತಿ ಎಷ್ಟೋ ಸಲ ಎಸ್‌ಎಟಿಎಸ್‌ನಲ್ಲಿ ಆಗಲೇ ಇರುತ್ತದೆ. ಮೇಲಿನ ಕಚೇರಿಯವರು ಅಲ್ಲಿಂದ ತೆಗೆದುಕೊಳ್ಳುವುದಕ್ಕಿಂತ ಕೆಳಗಿನವರನ್ನು ಕೇಳುವುದು ಸುಲಭವೆಂದು ಕಂಡುಕೊಂಡಿದ್ದಾರೆ. ಹನ್ನೊಂದರಿಂದ ಎರಡರ ನಡುವೆ ಎಚ್‌ಎಂಗೆ ಐದನೆಯ ತರಗತಿಯ ಗಣಿತವಿತ್ತು ಎಂಬುದು ಯಾವ ನಮೂನೆಯಲ್ಲೂ ಕಾಣುವುದಿಲ್ಲ.

ಕಾಗದದ ಕೆಲಸದಲ್ಲಿ ಊರಿನವರಿಗೆ ನೇರವಾಗಿ ಬೇಕಾದದ್ದು ಪ್ರಮಾಣ ಪತ್ರಗಳು. ವರ್ಗಾವಣೆ ಪತ್ರ, ವ್ಯಾಸಂಗ ಪ್ರಮಾಣ ಪತ್ರ, ಸರ್ಕಾರಿ ನೌಕರಿಗೆ ಅರ್ಜಿ ಹಾಕುವವರಿಗೆ ಗ್ರಾಮೀಣ ಅಭ್ಯರ್ಥಿ ಮತ್ತು ಕನ್ನಡ ಮಾಧ್ಯಮದ ಪ್ರಮಾಣ ಪತ್ರ. ನೇಮಕಾತಿಯ ಅಧಿಸೂಚನೆ ಹೊರಬಿದ್ದ ವಾರ ಶಾಲೆಯ ಮುಂದೆ ಮೂವತ್ತು ವಯಸ್ಸಿನ ಹಳೆಯ ವಿದ್ಯಾರ್ಥಿಗಳು ಸಾಲಾಗಿ ನಿಲ್ಲುತ್ತಾರೆ. ಅರುವತ್ತು ದಾಟಿದವರೂ ಬರುತ್ತಾರೆ, ಪಿಂಚಣಿಗೋ ಜಮೀನಿನ ವ್ಯಾಜ್ಯಕ್ಕೋ ಹುಟ್ಟಿದ ದಿನಾಂಕ ಬೇಕೆಂದು. ಆಗ ಬೀರುವಿನ ತಳದಿಂದ ಪುಡಿಪುಡಿಯಾಗುತ್ತಿರುವ ದಾಖಲಾತಿ ವಹಿಯನ್ನು ಹೊರತೆಗೆಯಬೇಕು. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಅಂದಿನ ಮೇಷ್ಟರು ಶಾಲೆಗೆ ಹೊಂದುವ ಹಾಗೆ ‘ಜೂನ್ 1’ ಎಂದು ಬರೆದುಕೊಂಡಿದ್ದರಿಂದ ಕೆಲವು ಪುಟಗಳಲ್ಲಿ ಅರ್ಧ ಊರೇ ಒಂದೇ ದಿನ ಹುಟ್ಟಿರುತ್ತದೆ. ಜೂನ್ 1ರ ತಲೆನೋವು ಈಗಲೂ ತಪ್ಪಿಲ್ಲ. ಒಂದನೆಯ ತರಗತಿಗೆ ಅಂದಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು 2025–26ರಿಂದ ತರುವುದೆಂದಾಗಿ, ಕೊನೆಗೆ ಯುಕೆಜಿ ಮುಗಿಸಿದವರಿಗೆ ಆ ಒಂದು ವರ್ಷ ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು. ದಾಖಲಾತಿಯ ದಿನಗಳಲ್ಲಿ ಇಂಥ ಬದಲಾವಣೆಯನ್ನು ಪೋಷಕರಿಗೆ ತಿಳಿಹೇಳಿ ಬೈಸಿಕೊಳ್ಳುವುದು ಶಾಲೆಯ ಬಾಗಿಲಲ್ಲಿ ನಿಂತವರೇ.

ಶಿಕ್ಷಕರು ಎಲ್ಲಿ, ಮಕ್ಕಳು ಎಲ್ಲಿ

ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಸೆಕ್ಷನ್ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಮತದಾರರ ಪಟ್ಟಿ ಪರಿಷ್ಕರಣೆ ಚುನಾವಣೆಯ ಅಡಿಯಲ್ಲಿ ಬಂದು, ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಆದ ಶಿಕ್ಷಕರು ವರ್ಷದಲ್ಲಿ ಎಷ್ಟೋ ದಿನ ಮನೆಮನೆ ತಿರುಗುತ್ತಾರೆ. ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ 2025ರ ಸೆಪ್ಟೆಂಬರ್ 22ರಂದು ಆರಂಭವಾದಾಗ ಗಣತಿದಾರರಲ್ಲಿ ಬಹುಪಾಲು ಸರ್ಕಾರಿ ಶಾಲೆಯ ಶಿಕ್ಷಕರೇ. ನಿಗದಿತ ಅವಧಿಯಲ್ಲಿ ಮುಗಿಯದೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಚಾಚಲಾಯಿತು. ಈ ಸಮೀಕ್ಷೆ ಕಾಯ್ದೆ ಹೇಳಿದ ಮೂರರಲ್ಲಿ ಯಾವುದರ ಕೆಳಗೆ ಬರುತ್ತದೆ ಎಂಬ ಪ್ರಶ್ನೆ ಹಾಗೇ ಇದೆ. ಸಮೀಕ್ಷೆಯ ಅಗತ್ಯ ಬೇರೆ ಚರ್ಚೆ. ಖಾಸಗಿ ಶಾಲೆಯ ಮಕ್ಕಳು ತರಗತಿಗೆ ಮರಳಿದ ವಾರ ಸರ್ಕಾರಿ ಶಾಲೆಯ ಮಕ್ಕಳು ಮನೆಯಲ್ಲಿದ್ದರು ಎನ್ನುವುದು ಮಾತ್ರ ಕಣ್ಣಿಗೆ ಕಂಡ ಸತ್ಯ. ಹೋದ ದಿನಗಳನ್ನು ಹೆಚ್ಚುವರಿ ತರಗತಿಗಳಿಂದ ಸರಿದೂಗಿಸುವ ಪಟ್ಟಿ ಬರೆಯುವುದು ಮತ್ತೆ ಎಚ್‌ಎಂ ಪಾಲಿಗೆ ಬಂತು. ಐದನೆಯ ತರಗತಿವರೆಗೆ 200 ದಿನ, ಅದರ ಮೇಲೆ ಎಂಟರವರೆಗೆ 220 ದಿನ ಶಾಲೆ ನಡೆಯಲೇಬೇಕು.

ಖಾಲಿ ಹುದ್ದೆಗಳಿಗೆ ಅತಿಥಿ ಶಿಕ್ಷಕರು ಬರುತ್ತಾರೆ. ಅವರ ಗೌರವಧನವೂ 2025–26ರ ಬಜೆಟ್‌ನಲ್ಲಿ 2,000 ರೂಪಾಯಿ ಹೆಚ್ಚಿತು. ಆದರೂ ಬೇರೆ ಕೆಲಸ ಸಿಕ್ಕ ದಿನ ಅವರು ಹೊರಡುತ್ತಾರೆ, ತಪ್ಪೆನ್ನುವಂತಿಲ್ಲ. ವರ್ಗಾವಣೆಯ ಕೌನ್ಸೆಲಿಂಗ್ ಶಾಲೆ ಆರಂಭವಾದ ಮೇಲೂ ನಡೆಯುವುದುಂಟು. ಆಗ ಜೂನ್‌ನಲ್ಲಿ ಬರೆದ ವೇಳಾಪಟ್ಟಿ ಆಗಸ್ಟ್‌ನಲ್ಲಿ ಕೆಲಸಕ್ಕೆ ಬರುವುದಿಲ್ಲ.

ಮಕ್ಕಳ ಗೈರುಹಾಜರಿ ಊರಿನಿಂದ ಊರಿಗೆ ಬೇರೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆ ಸುಗ್ಗಿ ಮುಗಿದ ಮೇಲೆ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತವೆ. ಹತ್ತಿ ಬಿಡಿಸುವ ದಿನಗಳಲ್ಲಿ ದೊಡ್ಡ ಹುಡುಗಿಯರು ಹೊಲದಲ್ಲೋ, ತಮ್ಮ ತಂಗಿಯರನ್ನು ಆಡಿಸುತ್ತ ಮನೆಯಲ್ಲೋ ಇರುತ್ತಾರೆ. ಮನೆಗೆ ಹೋಗಿ ಕರೆಯುವ ಅಕ್ಕೋರಿಗೆ ‘ಇನ್ನ ಎಂಟ್ ದಿನ ನೋಡ್ರಿ, ಕಳಸ್ತೀವಿ’ ಎಂಬ ಉತ್ತರ ಸಿಗುತ್ತದೆ. ಎಂಟು ದಿನ ಎಂದರೆ ಎಷ್ಟು ಎಂಬುದು ಬೆಳೆಯ ಮೇಲೆ ನಿಂತಿದೆ. ಮಲೆನಾಡು, ಕರಾವಳಿಯಲ್ಲಿ ತೊಡಕು ಮಳೆಯದು. ಜುಲೈನಲ್ಲಿ ಹಳ್ಳ ತುಂಬಿ ಕಾಲುಸಂಕ ಮುಳುಗಿದರೆ ಆಚೆ ದಡದ ಮಕ್ಕಳು ಬರುವಂತಿಲ್ಲ. ಜಿಲ್ಲಾಧಿಕಾರಿಗಳ ರಜೆ ಘೋಷಣೆ ಎಷ್ಟೋ ಸಲ ಮಕ್ಕಳು ಮನೆ ಬಿಟ್ಟ ಮೇಲೆ ಬರುತ್ತದೆ. ಬಂದವರನ್ನು ಅದೇ ಮಳೆಯಲ್ಲಿ ವಾಪಸು ಕಳಿಸುವುದೋ ಶಾಲೆಯಲ್ಲೇ ಇಟ್ಟುಕೊಳ್ಳುವುದೋ ಎಂಬ ನಿರ್ಧಾರ ಆ ಗಳಿಗೆಯಲ್ಲಿ ಒಬ್ಬರದೇ. ಕೃಷ್ಣಾ, ಮಲಪ್ರಭಾ ತೀರದಲ್ಲಿ 2019ರಂಥ ನೆರೆ ಬಂದರೆ ಶಾಲೆಯೇ ಪರಿಹಾರ ಕೇಂದ್ರವಾಗುತ್ತದೆ. ನೀರು ಇಳಿದ ಮೇಲೆ ಕೆಸರು ತೆಗೆದು, ನೆನೆದ ದಾಖಲೆಗಳನ್ನು ಬಿಸಿಲಿಗೆ ಹರವಿ, ಆಮೇಲೆ ಗಂಟೆ.

ಕಾನೂನಿನ ಹೊಣೆಯೂ ಹಗುರವಲ್ಲ. ಮಕ್ಕಳನ್ನು ಹೊಡೆಯುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ನಿಷೇಧಿಸಿದೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತನ್ನ ಕೈಕೆಳಗಿನವರು ಮಗುವಿನ ಮೇಲೆ ಎಸಗಿದ ಲೈಂಗಿಕ ಅಪರಾಧವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡ. ‘ಶಾಲೆಯ ಮರ್ಯಾದೆ’ಯ ಹೆಸರಲ್ಲಿ ಊರ ಹಿರಿಯರು ರಾಜಿ ಮಾಡಿಸಲು ಬಂದಾಗ ಎಚ್‌ಎಂ ಒಪ್ಪುವಂತಿಲ್ಲ, ಒಪ್ಪಲೂಬಾರದು.

ಊರು ಮತ್ತು ಸಮಿತಿ

ಕರ್ನಾಟಕದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಶಿಕ್ಷಣ ಹಕ್ಕು ಕಾಯ್ದೆಗಿಂತ ಮೊದಲೇ, 2001ರಲ್ಲಿ ರಚನೆಯಾದವು. ಆಮೇಲೆ ಬಂದ ಕಾಯ್ದೆಯ ಪ್ರಕಾರ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಪಾಲು ಮಹಿಳೆಯರು ಇರಬೇಕು. ಸಮಿತಿ ಚೆನ್ನಾಗಿದ್ದ ಕಡೆ ದಾನಿಗಳು ಸಿಗುತ್ತಾರೆ, ಕಾಂಪೌಂಡ್ ಏಳುತ್ತದೆ, ಹಳೆಯ ವಿದ್ಯಾರ್ಥಿಗಳು ಬಣ್ಣ ಹೊಡೆಸುತ್ತಾರೆ. ಪಂಚಾಯಿತಿ ಚುನಾವಣೆಯ ಜಗಳ ಸಮಿತಿಯೊಳಗೆ ಬಂದ ಕಡೆ ಅಧ್ಯಕ್ಷರ ಒಂದು ಸಹಿಗಾಗಿ ಎಚ್‌ಎಂ ತೋಟದವರೆಗೂ ನಡೆಯಬೇಕಾಗುತ್ತದೆ. ಈ ವ್ಯತ್ಯಾಸಕ್ಕೆ ಸರ್ಕಾರ ಕಾರಣವಲ್ಲ, ಊರೇ ಕಾರಣ.

ಪರಿಹಾರಗಳು ದುಬಾರಿಯೇನಲ್ಲ. ಹೋಬಳಿಗೊಂದು ಅಥವಾ ಕ್ಲಸ್ಟರಿಗೊಂದು ಲೆಕ್ಕ ಸಹಾಯಕರ ಹುದ್ದೆ ಕೊಟ್ಟರೆ ಹತ್ತಾರು ಶಾಲೆಗಳ ಆನ್‌ಲೈನ್ ಕೆಲಸ ಮತ್ತು ನಗದು ಪುಸ್ತಕ ಒಬ್ಬರ ಕೈಯಲ್ಲಿ ಮುಗಿಯುತ್ತದೆ. ಎಸ್‌ಎಟಿಎಸ್‌ನಲ್ಲಿರುವ ಮಾಹಿತಿಯನ್ನು ಶಾಲೆಯಿಂದ ಮತ್ತೆ ಕೇಳಬಾರದು ಎಂಬ ಒಂದು ಸಾಲಿನ ಆದೇಶಕ್ಕೆ ಖರ್ಚೇ ಇಲ್ಲ. ಮೊಟ್ಟೆಯ ದರವನ್ನು ಪೇಟೆಯ ದರಕ್ಕೆ ತಕ್ಕಂತೆ ತಿಂಗಳಿಗೊಮ್ಮೆ ತಿದ್ದಬಹುದು. ಶಾಲಾ ಅನುದಾನವನ್ನು ಜೂನ್‌ನಲ್ಲೇ ಕೊಡಬಹುದು. ಇವುಗಳನ್ನು ಸರ್ಕಾರ ಮಾಡುವವರೆಗೆ ಪೋಷಕರ ಕೈಯಲ್ಲೂ ಒಂದು ಅಧಿಕಾರವಿದೆ. ಅನುದಾನದ ಬಳಕೆಯ ಮೇಲೆ ಕಣ್ಣಿಡುವ ಹಕ್ಕನ್ನು ಕಾಯ್ದೆಯ 21ನೆಯ ಸೆಕ್ಷನ್ ಸಮಿತಿಗೆ ಕೊಟ್ಟಿದೆ. ಮುಂದಿನ ಸಭೆಗೆ ಹೋದಾಗ ನಿಮ್ಮ ಊರಿನ ಶಾಲೆಯ ನಗದು ಪುಸ್ತಕವನ್ನು ಕೇಳಿ ತೆಗೆಸಿ ನೋಡಿ, ಶಾಲೆಗೆ ಬಂದದ್ದೆಷ್ಟು, ಎಚ್‌ಎಂ ಕೈಯಿಂದ ಹೋದದ್ದೆಷ್ಟು ಎಂದು ಕೇಳಿ, ಅದನ್ನು ನಡವಳಿಯಲ್ಲಿ ಬರೆಸಿ.